ಶಿವರಾತ್ರಿ ಹೊತ್ತಿನ ಬೆಟ್ಟ

ಬೆಟ್ಟ ಹತ್ತುವುದಾದರೆ ಮಳೆಗಾಲ ಮುಗಿದ ಮೇಲೆ, ಹಸಿರು ತುಂಬಿರುವಾಗ ಹತ್ತಬೇಕು ಎನ್ನುವುದು ರೂಢಿಯ ಮಾತು. ಕಣ್ಣಿಗೆ ಅದು ಒಳ್ಳೆಯ ಕಾಲವೇ. ಆದರೆ ಬೆಟ್ಟದ ನಿಜವಾದ ಸ್ಥಿತಿ ತಿಳಿಯಬೇಕಾದರೆ ಶಿವರಾತ್ರಿಗೂ ಯುಗಾದಿಗೂ ನಡುವೆ ಹತ್ತಬೇಕು. ಕಾರ್ತಿಕದಲ್ಲಿ ಎಲ್ಲ ಬೆಟ್ಟಗಳೂ ಶ್ರೀಮಂತವಾಗಿಯೇ ಕಾಣುತ್ತವೆ. ಫಾಲ್ಗುಣದಲ್ಲಿ ಮಾತ್ರ ಯಾವುದರ ಗಂಟಿನಲ್ಲಿ ಎಷ್ಟು ಉಳಿದಿದೆ ಎಂಬುದು ಹೊರಬೀಳುತ್ತದೆ. ಆ ಗಂಟು ಬೇರೇನೂ ಅಲ್ಲ, ನೀರು.

ನಮ್ಮ ಅನುಗೊಂಡನಹಳ್ಳಿ ಹೋಬಳಿ ಬಯಲು ಸೀಮೆ. ರಾಗಿ ಹೊಲ, ನೀಲಗಿರಿ ತೋಪು, ಮಳೆ ನಂಬಿದ ಕೆರೆಗಳು. ಬೆಟ್ಟ ಬೇಕೆಂದರೆ ಹೊಸಕೋಟೆಗೆ ಹೋಗಿ ಚಿಂತಾಮಣಿಯ ದಾರಿ ಹಿಡಿಯಬೇಕು. ನಂದಗುಡಿ, ಎಚ್. ಕ್ರಾಸ್ ದಾಟಿ ಕೈವಾರದ ಕಡೆಗೆ ಹೋದರೆ ಬಯಲಿನಿಂದ ಕಲ್ಲುಬೆಟ್ಟಗಳು ಒಮ್ಮೆಗೇ ಎದ್ದು ನಿಲ್ಲುತ್ತವೆ. ಅವುಗಳಲ್ಲಿ ಅಂಬಾಜಿದುರ್ಗ ಒಂದು, ರಹಮಾನ್‌ಗಡ ಇನ್ನೊಂದು. ಸಮುದ್ರ ಮಟ್ಟದಿಂದ ಲೆಕ್ಕ ಹಾಕಿದರೆ ನಾಲ್ಕು ಸಾವಿರ ಅಡಿ ಮೀರಿದ ಬೆಟ್ಟಗಳಿವು. ಆದರೆ ನಮ್ಮ ಬಯಲೇ ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿರುವುದರಿಂದ ಹತ್ತುವವರ ಕಾಲಿಗೆ ಸಿಗುವುದು ಸಾವಿರ ಚಿಲ್ಲರೆ ಅಡಿ ಮಾತ್ರ. ಭಾನುವಾರದ ಕಾರುಗಳೆಲ್ಲ ನಂದಿಬೆಟ್ಟಕ್ಕೆ ಹೋಗುತ್ತವೆ. ಇಲ್ಲಿಗೆ ಬರುವವರು ಕಡಿಮೆ. ದನ ಕುರಿ ಮೇಯಿಸುವವರೇ ಈ ಬೆಟ್ಟಗಳ ಖಾಯಂ ಪ್ರವಾಸಿಗರು.

ಕೈವಾರವನ್ನು ನಮ್ಮವರು ಮಹಾಭಾರತದ ಏಕಚಕ್ರನಗರವೆಂದು ನಂಬಿದ್ದಾರೆ. ಭೀಮ ಬಕಾಸುರನನ್ನು ಕೊಂದದ್ದು ಇಲ್ಲಿ, ಸ್ಥಾಪಿಸಿದ ಲಿಂಗ ಭೀಮೇಶ್ವರ, ರಾಕ್ಷಸ ಬಿದ್ದಿರುವುದು ರಹಮಾನ್‌ಗಡದ ಅಡಿಯಲ್ಲಿ ಎಂದು ಕಥೆ. ಪ್ರತಿ ಶಿವರಾತ್ರಿಯ ಸುಮಾರಿಗೆ ಆ ಬೆಟ್ಟದ ಬಿರುಕಿನಿಂದ ಅವನ ರಕ್ತ ಜಿನುಗುತ್ತದೆಂದು ಹೇಳಿಕೆ. ನಾನು ಸಮಾಜ ಪಾಠ ಮಾಡುವವಳು, ಮಕ್ಕಳ ಮುಂದೆ ಈ ಕಥೆಯನ್ನು ನಗೆಯಾಡಿ ಬಿಡುವುದಿಲ್ಲ. ಬಂಡೆಯ ಸೀಳುಗಳಲ್ಲಿ ಮಳೆಗಾಲದಲ್ಲಿ ಇಳಿದ ನೀರು ತಿಂಗಳುಗಟ್ಟಲೆ ತಡವಾಗಿ ಹೊರಬರುವುದುಂಟು. ದಾರಿಯಲ್ಲಿ ಕಬ್ಬಿಣದ ಅಂಶ ಸೇರಿದರೆ ಅದರ ಬಣ್ಣ ಕೆಂಪಾಗುವುದೂ ಉಂಟು. ಕಥೆ ಕಟ್ಟಿದವರು ರಕ್ತವೆಂದರು. ಆದರೆ ಅವರು ಒಂದು ವಿಷಯವನ್ನು ಸರಿಯಾಗಿ ಗಮನಿಸಿದ್ದರು: ಸುತ್ತಲಿನ ಹಳ್ಳಕೊಳ್ಳಗಳು ಒಣಗುವ ಕಾಲದಲ್ಲೂ ಬೆಟ್ಟ ಜಿನುಗಬಲ್ಲದು.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುತ್ತದೆ ಎನ್ನುತ್ತಾರಲ್ಲ, ಅಲ್ಲಿಂದ ಮುಂದೆ ಬೆಟ್ಟದ ದಾರಿಯ ಸ್ವಭಾವವೇ ಬೇರೆ. ಸೊಂಟದೆತ್ತರದ ಹುಲ್ಲು ಒಣಗಿ ಬಾಗಿರುತ್ತದೆ. ಅದರ ಕೆಳಗೆ ಗರಸು ಮಣ್ಣು ಸಡಿಲವಾಗಿ, ಹತ್ತುವಾಗ ಸುಮ್ಮನಿದ್ದ ಕಾಲು ಇಳಿಯುವಾಗ ಜಾರುತ್ತದೆ. ಮುತ್ತುಗ ಎಲೆಯುದುರಿಸಿ ಕೆಂಡದಂತೆ ಹೂ ಬಿಟ್ಟಿರುತ್ತದೆ. ನೋಡಲು ಚೆಂದ, ನೆರಳಿಗೆ ದಂಡ. ಬೆಳಗಿನ ಹತ್ತು ಗಂಟೆಗೆಲ್ಲ ಬೋಳುಬಂಡೆ ಕಾದು ರೊಟ್ಟಿಯ ಹೆಂಚಾಗುತ್ತದೆ. ಆದ್ದರಿಂದ ಬೆಳಕು ಹರಿಯುವಾಗ ಬುಡದಲ್ಲಿದ್ದು, ಒಂಬತ್ತೂವರೆಯೊಳಗೆ ಇಳಿದುಬಿಡುವುದು ಕ್ಷೇಮ. ನೀರು ಒಬ್ಬೊಬ್ಬರಿಗೂ ಎರಡು ಲೀಟರಿಗೆ ಕಡಿಮೆಯಾಗಬಾರದು. ಬಂಡೆಯ ಮರೆಯಲ್ಲಿ ಹೆಜ್ಜೇನು ಕಟ್ಟಿದ್ದರೆ ಗದ್ದಲ ಮಾಡದೆ, ಹೊಗೆ ಎಬ್ಬಿಸದೆ ದೂರದಿಂದಲೇ ಸುತ್ತಿ ಹೋಗಬೇಕು. ಚಿರತೆಯ ಭಯ ಈ ಸೀಮೆಯ ಬೆಟ್ಟಗಳಿಗೆಲ್ಲ ಸಾಮಾನ್ಯ, ಒಂಟಿಯಾಗಿ ಹೋಗುವುದು ಬೇಡ. ಚೈತ್ರ ಕಳೆಯುವಷ್ಟರಲ್ಲಿ ಗುಡುಗು ಮಳೆ ಶುರುವಾಗುತ್ತದೆ. ಪಡುವಣದಲ್ಲಿ ಮೋಡ ಕಪ್ಪಾಯಿತೆಂದರೆ ಬಂಡೆಯ ನೆತ್ತಿಯ ಮೇಲೆ ಒಂದು ಗಳಿಗೆಯೂ ನಿಲ್ಲಬಾರದು, ಸಿಡಿಲು ಎತ್ತರವನ್ನೇ ಹುಡುಕುತ್ತದೆ.

ಈ ಕಷ್ಟಗಳು ಇಂದಿನ ಚಾರಣಿಗರಿಗೆ ಮಾತ್ರ ಬಂದವಲ್ಲ, ನಮ್ಮ ಸೀಮೆಯ ಚರಿತ್ರೆಯಲ್ಲೂ ಇವುಗಳ ಕೈವಾಡವಿದೆ. ಮೂರನೆಯ ಮೈಸೂರು ಯುದ್ಧದಲ್ಲಿ ಲಾರ್ಡ್ ಕಾರ್ನ್‌ವಾಲಿಸ್ 1791ರ ಫೆಬ್ರವರಿಯಲ್ಲಿ ಘಟ್ಟ ಹತ್ತಿ, ಕೋಲಾರ, ಹೊಸಕೋಟೆಗಳ ಮೇಲೆ ಹಾದು, ಮಾರ್ಚ್ 5ರ ಸುಮಾರಿಗೆ ಬೆಂಗಳೂರಿನ ಎದುರು ಬಂದು ನಿಂತ. ತಿಥಿಯ ಲೆಕ್ಕವನ್ನು ಹಿಂದಕ್ಕೆ ಹಾಕಿದರೆ ಆ ವರ್ಷದ ಶಿವರಾತ್ರಿ ಮಾರ್ಚ್ ಮೊದಲ ವಾರಕ್ಕೇ ಬೀಳುತ್ತದೆ. ಅಂದರೆ ನಮ್ಮ ತಾಲ್ಲೂಕಿನ ಜನ ಜಾಗರಣೆಗೆ ಅಣಿಯಾಗುವ ಹೊತ್ತಿಗೆ ದಂಡು ನಮ್ಮ ಹೊಲಗಳ ಮೇಲೆ ಹಾದುಹೋಗಿದೆ. ಮಾರ್ಚ್ 21ರಂದು ಬೆಂಗಳೂರಿನ ಕೋಟೆ ಬಿತ್ತು. ಆದರೆ ಈಶಾನ್ಯದ ಬೆಟ್ಟದ ದುರ್ಗಗಳು ಹಾಗೇ ಉಳಿದವು.

ದಂಡು ಎಂದರೆ ಸಿಪಾಯಿಗಳು ಮಾತ್ರವಲ್ಲ. ಅವರ ಫಿರಂಗಿ ಎಳೆಯಬೇಕಾದವು, ದವಸ ಹೊರಬೇಕಾದವು ಎತ್ತುಗಳು. ಎತ್ತಿಗೆ ಹುಲ್ಲು ಬೇಕು, ನೀರು ಬೇಕು. ಬೇಸಿಗೆಯಲ್ಲಿ ಈ ಬಯಲು ಅವೆರಡನ್ನೂ ಕೊಡುವುದಿಲ್ಲ. ಸಾಲದ್ದಕ್ಕೆ ಟಿಪ್ಪುವಿನ ಕಡೆಯವರು ದಾರಿಯ ಮೇವನ್ನು ಸುಟ್ಟುಹಾಕುತ್ತಿದ್ದರು. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದವರೆಗೆ ಹೋಗಿ, ಅರಕೆರೆಯ ಬಳಿ ಕಾಳಗ ಗೆದ್ದೂ, ಕಾರ್ನ್‌ವಾಲಿಸ್ ಮುತ್ತಿಗೆ ಹಾಕಲಾರದೆ ಹಿಂತಿರುಗಿದ. ಎತ್ತುಗಳು ಸತ್ತು, ಜನ ಹಸಿದು, ಕೊನೆಗೆ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಬೇಕಾಯಿತು.

ಬೆಂಗಳೂರಿಗೂ ನಿಜಾಮನ ಸೀಮೆಗೂ ನಡುವಿನ ದಾರಿಗೆ ಈ ಬೆಟ್ಟದ ಕೋಟೆಗಳು ಅಡ್ಡವಾಗಿದ್ದವು. ಅವುಗಳ ಮೇಲೆ ದಂಡು ಬಂದದ್ದು ಮಳೆ ಬಿದ್ದು ಹುಲ್ಲು ಚಿಗುರಿದ ಮೇಲೆಯೇ. ಸೆಪ್ಟೆಂಬರಿನಲ್ಲಿ ಮೇಜರ್ ಗೌಡಿ ಎಂಬಾತ ರಹಮಾನ್‌ಗಡವನ್ನು ಹಿಡಿದ. ಅಂಬಾಜಿದುರ್ಗವೂ ಶರಣಾಯಿತು. ನಂದಿದುರ್ಗ ಸುಲಭಕ್ಕೆ ಬಗ್ಗಲಿಲ್ಲ. ವಾರಗಟ್ಟಲೆ ಮುತ್ತಿಗೆಯಾಗಿ, ಅಕ್ಟೋಬರ್ 19ರ ನಸುಕಿಗೆ ಮುಂಚೆ ಬಿತ್ತು. ಹತ್ತುವವರ ಮೇಲೆ ಕೋಟೆಯವರು ಉರುಳಿಸಿದ ಬಂಡೆಗಳು ಗುಂಡಿಗಿಂತ ಹೆಚ್ಚು ಕೆಲಸ ಮಾಡಿದವಂತೆ. ಡಿಸೆಂಬರ್ 21ಕ್ಕೆ ಸಾವನದುರ್ಗದ ಸರದಿ ಬಂತು. ತಾರೀಕುಗಳನ್ನು ಸಾಲಾಗಿ ಬರೆದು ನೋಡಿದರೆ ಫಿರಂಗಿಗಿಂತ ಮುಂಚೆ ಋತುವಿನ ಹೆಜ್ಜೆ ಕಾಣುತ್ತದೆ.

ಈ ಪಾಠ ಮಾಡುವಾಗ ಒಮ್ಮೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಕೆಳಗಿರೋರಿಗೇ ನೀರಿಲ್ದೆ ಹೋದ್ರೆ ಬೆಟ್ಟದ ಮೇಲಿದ್ದೋರು ಏನ್ ಕುಡೀತಿದ್ರು?" ಎಂದು ಕೇಳಿದಳು. ಪಠ್ಯಪುಸ್ತಕ ಕೇಳದ ಪ್ರಶ್ನೆ. ಉತ್ತರ ದೊಣೆಗಳಲ್ಲಿದೆ. ಹಾಸುಬಂಡೆಯ ತಗ್ಗುಗಳಲ್ಲಿ ಮಳೆನೀರು ನಿಂತು ಆಗುವ ಕೊಳಗಳೇ ದೊಣೆ. ನಮ್ಮ ದುರ್ಗ ಕಟ್ಟಿದವರು ಮೊದಲು ಗೋಡೆಗೆ ಜಾಗ ನೋಡಲಿಲ್ಲ, ನೀರಿಗೆ ಜಾಗ ನೋಡಿದರು. ನಂದಿಬೆಟ್ಟದ ಮೇಲೆ ಅಮೃತಸರೋವರ, ಚಿತ್ರದುರ್ಗದಲ್ಲಿ ಒಂದು ತುಂಬಿ ಇನ್ನೊಂದಕ್ಕೆ ಹರಿಯುವ ಹೊಂಡಗಳು, ಇವು ಇಲ್ಲದಿದ್ದರೆ ಆ ಕೋಟೆಗಳು ಬರೀ ಕಲ್ಲಿನ ರಾಶಿ. ಫಾಲ್ಗುಣದಲ್ಲಿ ದೊಣೆಯ ನೀರು ಎಷ್ಟಿದೆ ಎಂದು ನೋಡಿ ಕಿಲ್ಲೇದಾರ ಇನ್ನೆಷ್ಟು ದಿನ ತಡೆಯಬಲ್ಲೆನೆಂದು ಲೆಕ್ಕ ಹಾಕಿರಬೇಕು. ಎಷ್ಟಾದರೂ ಮುಂದಿನ ಮಳೆ ಬರುವುದು ಭರಣಿಗೆ. ಭರಣಿ ಮಳೆ ಧರಣಿ ಬೆಳೆ ಎಂಬ ಗಾದೆ ರೈತನಿಗೆ ಎಷ್ಟು ಸಲ್ಲುತ್ತದೋ ಕೋಟೆಯ ಕಾವಲಿನವನಿಗೂ ಅಷ್ಟೇ ಸಲ್ಲುತ್ತಿತ್ತು.

ಈಗ ಮುತ್ತಿಗೆ ಹಾಕುವವರು ಬೇರೆ. ಬೇಸಿಗೆಯಲ್ಲಿ ಬೆಟ್ಟಕ್ಕೆ ಬೀಳುವ ಬೆಂಕಿ ದೊಡ್ಡ ಶತ್ರು. ಒಂದು ಬೀಡಿಯ ತುಂಡು ಸಾಕು, ರಾತ್ರಿ ಬೆಟ್ಟದ ಮೈಮೇಲೆ ದೀಪಾವಳಿಯ ಸರದಂತೆ ಉರಿ ಹರಿಯುತ್ತದೆ. ಹುಲ್ಲಿನ ಬೇರು ಸುಟ್ಟ ಮೇಲೆ ಮೊದಲ ಮಳೆಗೇ ಮಣ್ಣು ಕೊಚ್ಚಿಹೋಗಿ ಬುಡದ ಕೆರೆಯ ಹೂಳಾಗುತ್ತದೆ. ಮಳೆಯ ನೀರು ಸೀಳಿಗೆ ಇಳಿಯದೆ ಹರಿದುಹೋಗುತ್ತದೆ. ಕಲ್ಲುಗಣಿಯದು ಇನ್ನೊಂದು ಕಥೆ. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯ ಬಳಿ ಗಣಿಯ ಜಿಲೆಟಿನ್ ಸಿಡಿದು ಆರು ಜನ ಸತ್ತಾಗ ಎಲ್ಲರ ಕಣ್ಣು ಅತ್ತ ಹೋಯಿತು. ಆದರೆ ಸದ್ದಿಲ್ಲದೆ ಕರಗುವ ಬೆಟ್ಟಗಳ ಲೆಕ್ಕವನ್ನು ಯಾರು ಇಡುತ್ತಾರೆ? ಸುಮಾರು 250 ಕೋಟಿ ವರ್ಷ ಹಳೆಯದಾದ ಕಲ್ಲು ಲಾರಿಯೇರಲು ಒಂದು ಬೆಳಗ್ಗೆ ಸಾಕು.

ಹೊಸಕೋಟೆಯಿಂದ ಕೋಲಾರ, ಚಿಕ್ಕಬಳ್ಳಾಪುರದವರೆಗೆ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. 2023ರ ಮಳೆ ಕೈಕೊಟ್ಟು, 2024ರ ಬೇಸಿಗೆಯಲ್ಲಿ ಬೆಂಗಳೂರಿನವರೇ ಕೊಡ ಹಿಡಿದು ಟ್ಯಾಂಕರಿಗೆ ಕಾದದ್ದನ್ನು ಕಂಡೆವು. ಮಳೆನೀರನ್ನು ತಡೆದು ನಿಧಾನಕ್ಕೆ ಬಿಡುವ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಿರುವುದು ಈ ಕಲ್ಲುಬೆಟ್ಟಗಳು.

ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ ಇಷ್ಟೆ. ಬೇಸಿಗೆಯಲ್ಲಿ ಇಂಥ ಸಣ್ಣ ಬೆಟ್ಟವನ್ನು ಒಮ್ಮೆ ಹತ್ತಿ. ಬೆಂಕಿಪೊಟ್ಟಣ ಮನೆಯಲ್ಲೇ ಇರಲಿ, ಪ್ಲಾಸ್ಟಿಕ್ ಬಾಟಲಿ ನಿಮ್ಮ ಜೊತೆಯಲ್ಲೇ ವಾಪಸು ಬರಲಿ. ಮೇಲೆ ದೊಣೆ ಕಂಡರೆ ಅದರಲ್ಲಿ ಕೈಕಾಲು ತೊಳೆಯಬೇಡಿ. ಸಂಜೆ ಅಲ್ಲಿಗೆ ಬರುವ ಹಕ್ಕಿ, ಮೊಲ, ನರಿಗಳಿಗೆ ಬೇರೆ ಬಾವಿಯಿಲ್ಲ. ನೀರು ಎಷ್ಟಿದೆ ಎಂದು ನೋಡಿಕೊಂಡು, ಸುಮ್ಮನೆ ಇಳಿದು ಬನ್ನಿ.