ಎರಡು ಲೋಹಗಳ ನಡುವೆ

ನಾಚಾರಂನ ನಮ್ಮ ಮನೆಗೆ ರಾತ್ರಿಯ ನಿಶ್ಶಬ್ದದಲ್ಲಿ ಮೌಲಾಲಿಯ ಕಡೆಯ ರೈಲುಗಾಡಿಗಳ ಸದ್ದು ಕೇಳಿಸುತ್ತದೆ. 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ನಿಜಾಮರ ರೈಲು ಓಡುವ ಮುನ್ನ ಕಲಬುರ್ಗಿ ಸೀಮೆಯ ಸರಕು ಇಲ್ಲಿಗೆ ಬರುತ್ತಿದ್ದುದು ಎತ್ತಿನ ಬಂಡಿಗಳಲ್ಲಿ. ಆ ಬಂಡಿಗಳ ಅಚ್ಚಿಗೆ ಹಚ್ಚುತ್ತಿದ್ದುದು ಕೀಲೆಣ್ಣೆ, ಎಂದರೆ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ ಕಪ್ಪು ಜಿಡ್ಡು. ಬಂಡಿ ನಿಂತಾಗ ಅದು ಸೋರುವುದಿಲ್ಲ, ಚಕ್ರ ತಿರುಗಿದಾಗ ಸಡಿಲಗೊಂಡು ಜಾರುತ್ತದೆ. ಎಳೆತ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಪ್ರತಿರೋಧವೂ ಹೆಚ್ಚಬೇಕೆಂಬುದು ನ್ಯೂಟನ್ನನ ನಿಯಮ. ಕೀಲೆಣ್ಣೆ ಆ ನಿಯಮಕ್ಕೆ ಬಗ್ಗದ ದ್ರವ. ನಮ್ಮ ಬಂಡಿಕಾರರಿಗೆ ಅದರ ಗುಣ ಗೊತ್ತಿತ್ತು, ಗಣಿತ ಬೇಕಾಗಿರಲಿಲ್ಲ.

ಗಣಿತ ಹುಟ್ಟಿದ್ದು ರೈಲಿನ ಅಚ್ಚಿನಿಂದ. 1883ರಲ್ಲಿ ಲಂಡನ್ನಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಗಾಗಿ ಬೋಚಂಪ್ ಟವರ್ ಎಂಬಾತ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದ. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಗೆ ಕೊರೆದ ತೂತಿನಿಂದ ಎಣ್ಣೆ ಮೇಲಕ್ಕೇ ಉಕ್ಕತೊಡಗಿತು. ಬಿರಡೆ ಹಾಕಿದ, ಹಾರಿಹೋಯಿತು. ಮರದ ಗೂಟ ಬಡಿದ, ಅದೂ ಹೊರಬಂತು. ಕಡೆಗೆ ಒತ್ತಡಮಾಪಕ ಜೋಡಿಸಿದಾಗ ಸರಾಸರಿ ಹೊರೆಯ ಎರಡು ಪಟ್ಟಿಗೂ ಮಿಕ್ಕ ಒತ್ತಡ ಕಂಡಿತು. ಲೋಹ ಲೋಹವನ್ನು ಮುಟ್ಟುತ್ತಲೇ ಇರಲಿಲ್ಲ; ಗಾಡಿಯ ಭಾರವನ್ನೆಲ್ಲ ಎಣ್ಣೆಯ ತೆಳು ಪೊರೆ ಹೊತ್ತಿತ್ತು. ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಗಳಿಗೆ ಆ ಗೂಟ ಹೊರಬಂದದ್ದು. ಇಂಗ್ಲಿಷ್ ಸಾಹಿತ್ಯ ಓದಿದವನ ದೌರ್ಬಲ್ಯವೆಂದು ಕ್ಷಮಿಸಬೇಕು. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಆ ಒತ್ತಡಕ್ಕೆ ಸಮೀಕರಣ ಬರೆದ.

ಆದರೆ ಹಲ್ಲುಚಕ್ರಗಳ ಮುಂದೆ ಆ ಸಮೀಕರಣ ಸೋತಿತು. 1916ರಲ್ಲಿ ಮಾರ್ಟಿನ್ ಲೆಕ್ಕ ಹಾಕಿದಾಗ ಬಂದ ಪೊರೆಯ ದಪ್ಪ ಲೋಹದ ಮೇಲ್ಮೈಯ ತರಿಗಳಿಗಿಂತಲೂ ಕಡಿಮೆ. ಹಾಗಿದ್ದರೆ ಹಲ್ಲುಗಳು ಬೇಗನೆ ಸವೆದುಹೋಗಬೇಕಿತ್ತು. ವಾಸ್ತವದಲ್ಲಿ ವರ್ಷಗಟ್ಟಲೆ ಬಾಳುತ್ತಿದ್ದವು. ಲೆಕ್ಕ ಬಿಟ್ಟಿದ್ದ ಸಂಗತಿಗಳು ಎರಡು: ಸಾವಿರಾರು ವಾಯುಭಾರಗಳ ಒತ್ತಡದಲ್ಲಿ ಉಕ್ಕು ತುಸು ಚಪ್ಪಟೆಯಾಗುತ್ತದೆ, ಎಣ್ಣೆ ಅಪಾರವಾಗಿ ಗಟ್ಟಿಯಾಗುತ್ತದೆ. ಎರಡನ್ನೂ ಕೂಡಿಸಿ ಬಿಡಿಸಿದವರು ಸೋವಿಯತ್ ದೇಶದ ಎರ್ಟೆಲ್. ಮಹಾಯುದ್ಧದ ತರುವಾಯ ಅವರು ಜರ್ಮನಿಯಲ್ಲಿ ಉಳಿದುಬಿಟ್ಟರು. 1949ರಲ್ಲಿ ಆ ಫಲಿತಾಂಶ ಸಹೋದ್ಯೋಗಿ ಗ್ರೂಬಿನ್ ಹೆಸರಿನಲ್ಲಿ ಅಚ್ಚಾಯಿತು, ಜಗತ್ತು ಅದನ್ನು ಗ್ರೂಬಿನ್ ಸೂತ್ರವೆಂದೇ ಕರೆಯಿತು. ಎರ್ಟೆಲ್ಲರ ಪಾಲನ್ನು ಅಲಸ್ಟೇರ್ ಕ್ಯಾಮೆರಾನ್ ಬಹಿರಂಗವಾಗಿ ಎತ್ತಿ ಹೇಳಿದ್ದು 1985ರಲ್ಲಿ. ಗ್ರೂಬಿನ್ನರನ್ನು ಕಳ್ಳರೆನ್ನಲು ನನಗೆ ಮನಸ್ಸಿಲ್ಲ. ದೇಶ ಬಿಟ್ಟವನ ಹೆಸರು ಬರೆಯುವುದು ಆ ಕಾಲದ ಮಾಸ್ಕೋದಲ್ಲಿ ಸಣ್ಣ ಮಾತಾಗಿರಲಿಲ್ಲ. ಆದರೂ ಮೂವತ್ತಾರು ವರ್ಷ ದೀರ್ಘ ಕಾಲವೇ.

1959ರಲ್ಲಿ ಡೌಸನ್ ಮತ್ತು ಹಿಗ್ಗಿನ್‌ಸನ್ ಸಂಖ್ಯಾವಿಧಾನದಿಂದ ಪೊರೆಯ ದಪ್ಪವನ್ನು ನೆಚ್ಚಿಕೆಯಿಂದ ಹೇಳಬಲ್ಲವರಾದರು. ಘರ್ಷಣೆಯ ಲೆಕ್ಕ ಮಾತ್ರ ತಪ್ಪುತ್ತಲೇ ಇತ್ತು. ನ್ಯೂಟನ್ನನ ನಿಯಮ ಹಿಡಿದರೆ ಉತ್ತರ ಅತಿಯಾಗಿ ಬರುತ್ತಿತ್ತು. ಅಷ್ಟು ಒತ್ತಡದಲ್ಲಿ, ಅಷ್ಟು ವೇಗದ ಎಳೆತದಲ್ಲಿ ಒಳ್ಳೆಯ ಎಣ್ಣೆಯೂ ಕೀಲೆಣ್ಣೆಯ ಹಾಗೆ ನಿಯಮ ಮೀರುತ್ತದೆ. ಅದನ್ನು 1977ರಲ್ಲಿ ಜಾನ್ಸನ್ ಮತ್ತು ಟೆವಾರ್‌ವೆರ್ಕ್ ಸೂತ್ರಕ್ಕೆ ತಂದರು.

ಈಗ ಲೋಹದ ಮೇಲೆ ಲೇಪವೂ ಬಂದಿದೆ. ವಜ್ರದ ಗುಣ ಹೋಲುವ ಇಂಗಾಲದ, ಒಂದೆರಡು ಮೈಕ್ರಾನ್ ದಪ್ಪದ ಪದರ. ಅದು ಸವೆತ ತಡೆಯುವುದು ಸಹಜ. ಆದರೆ ಎಣ್ಣೆಯ ಪೊರೆ ಪೂರ್ತಿಯಾಗಿದ್ದು, ಮೇಲ್ಮೈಗಳು ಮುಟ್ಟದೇ ಇರುವಾಗಲೂ ಲೇಪ ಘರ್ಷಣೆಯನ್ನು ಇಳಿಸುತ್ತದೆಂದು 2010ರ ದಶಕದಲ್ಲಿ ಸ್ವೀಡನ್ನಿನ ಲುಲಿಯೊ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಮುಟ್ಟದ ಲೇಪ ಹೇಗೆ ಕೆಲಸ ಮಾಡೀತು? ಅದು ಕಂಬಳಿಯಂತೆ ಶಾಖವನ್ನು ಪೊರೆಯಲ್ಲೇ ಹಿಡಿದಿಡುತ್ತದೆ. ಬಿಸಿಯಾದ ಎಣ್ಣೆ ತೆಳುವಾಗಿ ಸುಲಭವಾಗಿ ಜಾರುತ್ತದೆ. ಹಾಗಾಗಿ ಇಂದು ಮಾದರಿ ಕಟ್ಟುವವರು ಒತ್ತಡ, ಉಕ್ಕಿನ ಬಾಗು, ಎಣ್ಣೆಯ ಹಟ, ಲೇಪದೊಳಗಿನ ಶಾಖ ಎಲ್ಲವನ್ನೂ ಒಟ್ಟಿಗೇ ಬಿಡಿಸಬೇಕು. ಇದೇ ಊರಿನ ಬಾಲಾಪುರದ ಎಆರ್‌ಸಿಐ ಸಂಸ್ಥೆಯಲ್ಲಿ ಲೋಹಲೇಪನಗಳ ಸಂಶೋಧನೆ ನಡೆಯುತ್ತದೆ. ಕೀಲೆಣ್ಣೆಯ ಬಂಡಿಗಳು ಬಂದಿಳಿಯುತ್ತಿದ್ದ ಊರೂ ಇದೇ.