ಹಾಲುರಹಿತ ಆಹಾರ ಕ್ರಮ: ಹೊಸದಾಗಿ ಆರಂಭಿಸುವವರಿಗೆ ಮಾಹಿತಿ

ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಜೀರ್ಣವಾಗದಿರುವುದು ಹಾಗೂ ಹಾಲಿನ ಪ್ರೋಟೀನಿನ ಅಲರ್ಜಿ ಬೇರೆ ಬೇರೆ ತೊಂದರೆಗಳಾಗಿರುತ್ತವೆ. ಮೊದಲನೆಯದರಲ್ಲಿ ಮೊಸರು, ಮಜ್ಜಿಗೆ ಹಲವರಿಗೆ ಒಗ್ಗುತ್ತವೆ. ಎರಡನೆಯದರಲ್ಲಿ ಅಲ್ಪ ಪ್ರಮಾಣವೂ ಪ್ರಾಣಾಪಾಯ ತರಬಹುದು. ಆದುದರಿಂದ ವೈದ್ಯರಿಂದ ಕಾರಣವನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಬದಲಿ ಆಹಾರ: ವಯಸ್ಕರಿಗೆ ದಿನವೊಂದಕ್ಕೆ ಸುಮಾರು 1000 ಮಿ.ಗ್ರಾಂ ಕ್ಯಾಲ್ಸಿಯಂ ಅವಶ್ಯಕ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಇರುತ್ತದೆ. ಎಳ್ಳು, ನುಗ್ಗೆಸೊಪ್ಪುಗಳನ್ನೂ ಬಳಸಬಹುದು. ಸಸ್ಯಾಹಾರಿಗಳು ಬಿ12 ಜೀವಸತ್ವದ ಬಗ್ಗೆ ವೈದ್ಯರ ಸಲಹೆ ಪಡೆಯುವುದು. ಒಂದು ವರ್ಷದೊಳಗಿನ ಶಿಶುವಿಗೆ ಎದೆಹಾಲಿನ ಬದಲಾಗಿ ಸೋಯಾ ಪಾನೀಯ, ಬಾದಾಮಿ ಹಾಲು ನೀಡಬಾರದು.

ಖರೀದಿಸುವಾಗ: ಜರಗನಹಳ್ಳಿ ಸುತ್ತಮುತ್ತಲಿನ ಹೋಟೆಲು, ಬೇಕರಿಗಳಲ್ಲಿ ತುಪ್ಪ, ಬೆಣ್ಣೆ, ಹಾಲಿನ ಪುಡಿ ಬಳಸಲಾಗಿದೆಯೇ ಎಂದು ವಿಚಾರಿಸುವುದು. ಪೊಟ್ಟಣಗಳ ಮೇಲೆ ಕೇಸೀನ್, ವೇ (ಹಾಲೊಡಕು) ಎಂದಿದ್ದರೂ ಅದು ಹಾಲಿನ ಅಂಶವೇ ಆಗಿರುತ್ತದೆ.

ಶಾಲಾ ಮಕ್ಕಳು: ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಲ್ಲಿ 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯಡಿ ಹಾಲು ನೀಡಲಾಗುತ್ತದೆ. ಹಾಲಿನ ಅಲರ್ಜಿಯಿರುವ ಮಗುವಿನ ಪೋಷಕರು ವೈದ್ಯರ ಪತ್ರದೊಂದಿಗೆ ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ತಿಳಿಸುವುದು ಸೂಕ್ತ. ಮಗುವಿಗೂ ಈ ವಿಷಯವನ್ನು ಮನವರಿಕೆ ಮಾಡಿಕೊಡುವುದು. ಉಸಿರಾಟದ ತೊಂದರೆ ಅಥವಾ ಮುಖದ ಊತ ಕಂಡುಬಂದಲ್ಲಿ ಕೂಡಲೇ 108 ಸಂಖ್ಯೆಗೆ ಕರೆ ಮಾಡತಕ್ಕದ್ದು.