ನೆಲ್ಲಿನ ಸೀಮೆಯಲ್ಲಿ ರಾತ್ರಿ ಲೆನ್ಸ್: ಸಿಂಧನೂರು, ಲಿಂಗಸೂಗೂರು, ಮಸ್ಕಿ ತಾಲ್ಲೂಕುಗಳ ಮಕ್ಕಳ ಸಮೀಪದೃಷ್ಟಿ ಕುರಿತು

ಮಲಗುವ ಮುನ್ನ ಮಗುವಿನ ಕಣ್ಣಿಗೆ ಗಟ್ಟಿ ಲೆನ್ಸ್ ಹಾಕಿ, ಬೆಳಗ್ಗೆ ತೆಗೆದರೆ ಹಗಲೆಲ್ಲ ಚಸ್ಮಾ ಇಲ್ಲದೆ ಬೋರ್ಡು ಓದಬಹುದು. ಆರ್ಥೋಕೆರಟಾಲಜಿ ಎಂಬ ಈ ಚಿಕಿತ್ಸೆಯ ಮೊದಲ ರೂಪವನ್ನು 1962ರಲ್ಲಿ ಜಾರ್ಜ್ ಜೆಸ್ಸೆನ್ ಮಂಡಿಸಿದ. ರಾತ್ರಿ ಧರಿಸುವ ಲೆನ್ಸಿಗೆ ಅಮೆರಿಕದ ನಿಯಂತ್ರಕರ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಬೆಂಗಳೂರು, ಹೈದರಾಬಾದಿನಲ್ಲಿ ಈಗ ಇದು ಹೊಸದೇನಲ್ಲ. ರಾಯಚೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಇದನ್ನು ಯಾವ ಮಗುವಿಗೆ ಬರೆದುಕೊಡಬಹುದು ಎಂಬುದು ಇಲ್ಲಿನ ಪ್ರಶ್ನೆ. ಪವರ್ ಎಷ್ಟು, ಮನೆಯವರ ಕೈಯಲ್ಲಿ ದುಡ್ಡು ಎಷ್ಟು ಎಂಬುದಕ್ಕಿಂತ ಬಚ್ಚಲಿನ ನೀರು ಎಂಥದು, ಕಣ್ಣು ಕೆಂಪಾದರೆ ಅದನ್ನು ಪರೀಕ್ಷಿಸುವ ಸ್ಲಿಟ್ ಲ್ಯಾಂಪ್ ಯಂತ್ರ ಎಷ್ಟು ದೂರ ಎಂಬೆರಡೇ ಅದನ್ನು ನಿರ್ಧರಿಸಬೇಕು ಎಂಬುದು ನನ್ನ ವಾದ.

ಲೆನ್ಸಿನ ನಡುಭಾಗ ಕಾರ್ನಿಯಾಕ್ಕಿಂತ ಚಪ್ಪಟೆಯಾಗಿರುತ್ತದೆ. ಎರಡರ ನಡುವೆ ಸಿಕ್ಕಿದ ಕಣ್ಣೀರಿನ ಒತ್ತಡಕ್ಕೆ ಕಾರ್ನಿಯಾದ ಮೇಲ್ಪದರ ನಡುವೆ ತೆಳುವಾಗಿ, ಸುತ್ತಲೂ ದಪ್ಪಗಾಗುತ್ತದೆ. ಆ ಮೇಲ್ಪದರವೇ ಸುಮಾರು 50 ಮೈಕ್ರಾನ್. ಬದಲಾಗುವುದು ಅದರಲ್ಲೂ ಒಂದಿಷ್ಟು. ಹಗಲಿನ ಸ್ಪಷ್ಟ ನೋಟ ಇದರಿಂದಲೇ. ಆದರೆ ವೈದ್ಯರಿಗೆ ಮುಖ್ಯವಾದದ್ದು ಸಮೀಪದೃಷ್ಟಿಯನ್ನು ಹೆಚ್ಚಿಸುವ ಕಣ್ಣುಗುಡ್ಡೆಯ ಉದ್ದ. ಹಾಂಗ್‌ಕಾಂಗಿನಲ್ಲಿ 6ರಿಂದ 10 ವರ್ಷದ ಮಕ್ಕಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಚಸ್ಮಾ ಹಾಕಿದವರ ಕಣ್ಣು ಎರಡು ವರ್ಷದಲ್ಲಿ ಸರಾಸರಿ 0.63 ಮಿ.ಮೀ. ಬೆಳೆದರೆ ಲೆನ್ಸಿನವರದು 0.36 ಮಿ.ಮೀ. ಬೆಳೆಯಿತು. ಶೇ 43ರಷ್ಟು ಕಡಿವಾಣ ಸಣ್ಣದಲ್ಲ.

ಆ ಮಕ್ಕಳು ನಮ್ಮ ಮಕ್ಕಳಲ್ಲ, ನಿಜ. ನಮಗೆ ಹತ್ತಿರದ ಅಳತೆಯೆಂದರೆ ಆಗ ಪಕ್ಕದಲ್ಲಿದ್ದ ಅವಿಭಜಿತ ಮಹಬೂಬ್‌ನಗರ ಜಿಲ್ಲೆಯದು. ಅಲ್ಲಿನ ಹಳ್ಳಿಗಳಲ್ಲಿ 7ರಿಂದ 15 ವರ್ಷದ ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿದ ವರದಿ 2002ರಲ್ಲಿ ಬಂತು. ಸಮೀಪದೃಷ್ಟಿ ಇದ್ದದ್ದು ಶೇ 4.1ರಷ್ಟು ಮಕ್ಕಳಿಗೆ. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಸಾಲು: ಬರಿಗಣ್ಣಿನಲ್ಲಿ ನೋಟ ಕುಂದಿದ್ದವರು ಶೇ 2.7, ಹಾಕಿಕೊಂಡು ಬಂದ ಚಸ್ಮಾ ಸಹಿತ ನೋಡಿದಾಗ ಶೇ 2.6, ಸರಿಯಾದ ಪವರ್ ಕೊಟ್ಟಾಗ ಶೇ 0.78. ಮೊದಲೆರಡು ಅಂಕಿಗಳ ನಡುವೆ ಕೂದಲೆಳೆಯಷ್ಟೇ ಅಂತರ. ಅಂದರೆ ಚಸ್ಮಾ ಬೇಕಾದ ಮಕ್ಕಳ ಮೂಗಿನ ಮೇಲೆ ಚಸ್ಮಾವೇ ಇರಲಿಲ್ಲ. ಎರಡು ದಶಕದಲ್ಲಿ ಮೊಬೈಲು ಬಂದಿದೆ, ಕೋಚಿಂಗ್ ಬಂದಿದೆ, ಮನೆಮನೆಗೆ ಬಂದು ಕಣ್ಣು ನೋಡಿ ಪುಕ್ಕಟೆ ಚಸ್ಮಾ ಕೊಡುವ ಸರ್ಕಾರದ ಆಶಾಕಿರಣ ಯೋಜನೆಯೂ ಬಂದಿದೆ. ಆದರೂ ಲೆನ್ಸಿನ ಮಾತಿಗೆ ಮೊದಲು ಈ ಅಂಕಿಗಳನ್ನು ಎದುರಿಗಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ನೀರು. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ಊರು. ಕಾಲುವೆ ಬಂದಾಗ ತುಂಬಿಸಿಕೊಂಡ ನೀರು ಕೆರೆಯಲ್ಲಿ, ಆಮೇಲೆ ಮನೆಯ ಟ್ಯಾಂಕಿನಲ್ಲಿ, ಕೊನೆಗೆ ಬಚ್ಚಲ ಬ್ಯಾರಲ್ಲಿನಲ್ಲಿ ದಿನಗಟ್ಟಲೆ ನಿಲ್ಲುತ್ತದೆ. ಅಕಾಂತಮೀಬಾ ಎಂಬ ಏಕಕೋಶ ಜೀವಿಗೆ ಇಂಥ ನೀರೇ ಮನೆ; ಅದರ ಗಟ್ಟಿ ಕವಚದ ರೂಪ ಕುಡಿಯುವ ನೀರಿಗೆ ಹಾಕುವಷ್ಟು ಕ್ಲೋರಿನ್ನಿಗೆ ಸಾಯುವುದಿಲ್ಲ. ರಾತ್ರಿ ಲೆನ್ಸಿನಿಂದಾದ ಮೊದಲ 50 ಕಾರ್ನಿಯಾ ಸೋಂಕುಗಳನ್ನು 2005ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಶೇ 30ರಲ್ಲಿ ಸಿಕ್ಕಿದ್ದು ಇದೇ ಜೀವಿ. ಹೆಚ್ಚಿನವರು ಪೂರ್ವ ಏಷ್ಯಾದ ಮಕ್ಕಳು. ಲೆನ್ಸನ್ನು ನಲ್ಲಿ ನೀರಿನಲ್ಲಿ ತೊಳೆಯುತ್ತಿದ್ದದ್ದು ಮುಖ್ಯ ಕಾರಣಗಳಲ್ಲೊಂದು. ಫಿಲ್ಟರ್ ನೀರಾದರೂ ಅಷ್ಟೇ. ಕೈಯನ್ನು ಸೋಪು ಹಚ್ಚಿ ತೊಳೆದು, ಒಣಬಟ್ಟೆಯಲ್ಲಿ ಪೂರ್ತಿ ಒರೆಸಿಕೊಂಡ ಮೇಲೆಯೇ ಡಬ್ಬಿ ಮುಟ್ಟಬೇಕು. ಲೆನ್ಸಿಗೂ ಡಬ್ಬಿಗೂ ಲೆನ್ಸ್ ತೊಳೆಯುವ ದ್ರಾವಣವಲ್ಲದೆ ಒಂದು ಹನಿ ನೀರೂ ತಾಕಬಾರದು. ಯಾವುದನ್ನೇ ಆಗಲಿ ನೀರಲ್ಲಿ ಜಾಲಿಸಿದರೆ ಮಡಿಯಾಯಿತು ಎಂದುಕೊಳ್ಳುವ ಮನೆಗಳಲ್ಲಿ ಇದನ್ನು ರೂಢಿಸುವುದು ಸುಲಭವಲ್ಲ.

ಸೋಂಕಿನ ಅಪಾಯ ಎಷ್ಟು? ಅಮೆರಿಕದ 2013ರ ಅಧ್ಯಯನದಂತೆ ಮಕ್ಕಳಲ್ಲಿ ವರ್ಷಕ್ಕೆ 10,000ಕ್ಕೆ 13.9. ಎರಡೇ ಪ್ರಕರಣಗಳ ಮೇಲೆ ನಿಂತ ಲೆಕ್ಕವಾದ್ದರಿಂದ ಅದನ್ನು ಕಲ್ಲಿನ ಮೇಲಿನ ಶಾಸನವೆಂದು ಓದಬಾರದು (ಅಶೋಕನ ಶಾಸನವಿರುವ ಮಸ್ಕಿಯ ಓದುಗರು ಕ್ಷಮಿಸಬೇಕು). ಪಕ್ಕದಲ್ಲಿ ಮದುರೈ ಜಿಲ್ಲೆಯ ಅಂಕಿ ಇಡೋಣ: 1996ರ ವರದಿಯಂತೆ ಅಲ್ಲಿ ಕಾರ್ನಿಯಾ ಹುಣ್ಣು ವರ್ಷಕ್ಕೆ 10,000 ಜನರಲ್ಲಿ 11.3. ಅದು ಲೆನ್ಸಿನ ಲೆಕ್ಕವೇ ಅಲ್ಲ, ಇಡೀ ಜನಸಮುದಾಯದ್ದು. ದಕ್ಷಿಣ ಭಾರತದಲ್ಲಿ ಇಂಥ ಹುಣ್ಣಿಗೆ ದೊಡ್ಡ ಕಾರಣ ಹೊಲದ ಗಾಯ. ನೆಲ್ಲಿನ ಹೊಟ್ಟು, ಗರಿ, ಮಣ್ಣು. ಒಕ್ಕುವ ದಿನಗಳಲ್ಲಿ ಕಣದಿಂದ ಬಂದ ಮಗು ಕಣ್ಣುಜ್ಜಿಕೊಳ್ಳುತ್ತದೆ. ಅಜ್ಜಿ ಎದೆಹಾಲೋ ಹರಳೆಣ್ಣೆಯೋ ಬಿಡಿಸುತ್ತಾಳೆ. ಹೀಗೆ ಗೀರಿದ ಕಾರ್ನಿಯಾದ ಮೇಲೆ ಅದೇ ರಾತ್ರಿ ಲೆನ್ಸ್ ಕೂತರೆ ಎರಡು ಅಪಾಯಗಳು ಒಂದೇ ರೆಪ್ಪೆಯಡಿ ಮುಚ್ಚಿಹೋಗುತ್ತವೆ. ಕಣ್ಣು ತೋರಿಸಲು ರಾಯಚೂರಿಗೆ ಹೋಗಬೇಕೆಂದರೆ ಬಸ್ಸಿನಲ್ಲಿ ಎರಡು ತಾಸಿಗೂ ಹೆಚ್ಚು. ಶನಿವಾರ ಸಂಜೆ ಕೆಂಪಾದ ಕಣ್ಣನ್ನು ಸೋಮವಾರದವರೆಗೆ ಕಾದು ತೋರಿಸಿದರೆ ಕರಿಗುಡ್ಡೆಯ ಮೇಲೆ ಹೂ ಬಿದ್ದಿರಬಹುದು, ಆ ಹೂ ಹೋಗುವುದಿಲ್ಲ.

ಇನ್ನೊಂದು ತೊಡಕು ಹಾಸ್ಟೆಲು. ಈ ಭಾಗದಲ್ಲಿ ಆರನೆಯ ತರಗತಿಗೆ ನವೋದಯಕ್ಕೋ ಮೊರಾರ್ಜಿ ಶಾಲೆಗೋ ಹೋಗುವ ಮಕ್ಕಳು ಬಹಳ. ಸಾಲು ನಲ್ಲಿಯ ಮುಂದೆ, ಬೆಳಗಿನ ಗಂಟೆಯ ಅವಸರದಲ್ಲಿ, ಹನ್ನೊಂದರ ಮಗು ತಾನೇ ಲೆನ್ಸ್ ತೆಗೆಯಬೇಕಾಗುತ್ತದೆ. ಬಿಟ್ಟುಬಿಟ್ಟರಾಯಿತು ಎನ್ನುವಂತಿಲ್ಲ: 14 ವರ್ಷ ದಾಟುವ ಮುಂಚೆ ನಿಲ್ಲಿಸಿದವರ ಕಣ್ಣು ಮತ್ತೆ ವೇಗವಾಗಿ ಬೆಳೆದದ್ದನ್ನು ಹಾಂಗ್‌ಕಾಂಗಿನದೇ 2017ರ ಅಧ್ಯಯನ ತೋರಿಸಿದೆ. ಅಂಥ ಮಗುವಿಗೆ ಚಸ್ಮಾ, ಜೊತೆಗೆ ವೈದ್ಯರು ಒಪ್ಪಿದರೆ ರಾತ್ರಿ ಒಂದು ಹನಿ ಕಡಿಮೆ ಪ್ರಮಾಣದ ಅಟ್ರೋಪಿನ್ ಲೇಸು.

ದಿನಾ ಬೆಳಗ್ಗೆ ದೊಡ್ಡವರೊಬ್ಬರು ಎದುರು ಕೂತು ಲೆನ್ಸ್ ತೆಗೆಯುವ, ಕಣ್ಣು ಕೆಂಪಾದ ದಿನವೇ ಗಾಡಿ ಹತ್ತಬಲ್ಲ ಮನೆಯ ಮಗುವಿಗೆ ಲೆನ್ಸ್ ಬರೆಯಲು ಅಡ್ಡಿಯಿಲ್ಲ. ಅಲ್ಲಿಯೂ ಹೊಟ್ಟು ಬಿದ್ದ ದಿನ, ಜ್ವರದ ರಾತ್ರಿ ಡಬ್ಬಿ ಮುಚ್ಚಿಯೇ ಇರಬೇಕು. ಲೆನ್ಸ್ ಬಿಟ್ಟ ಮೇಲೆ ಕಾರ್ನಿಯಾ ಮೊದಲಿನ ಆಕಾರಕ್ಕೆ ಮರಳುವುದು ಒಂದೇ ದಿನದಲ್ಲಲ್ಲ, ಮೆಲ್ಲಮೆಲ್ಲನೆ. ಹಾಗಾಗಿ ಹಳೆಯ ಚಸ್ಮಾ ಮೊದಲ ದಿನ ಪವರ್ ಹೆಚ್ಚೆನಿಸಿ ತಲೆ ತಿರುಗಿಸುತ್ತದೆ. ಆ ದಿನಗಳಿಗೆಂದೇ ಕಡಿಮೆ ಪವರಿನ ಇನ್ನೊಂದು ಜೋಡಿಯನ್ನು ಮೊದಲೇ ಮಾಡಿಸಿಡಬೇಕು.